ಲಂಗರು ಹಾಕುವಾಗಲೇ ಗಂಡ-ಹೆಂಡತಿ ಜಗಳ ಯಾಕೆ?

ಪ್ರಶ್ನೆ: 12 ಮೀಟರ್ ಉದ್ದದ ಹಾಯಿದೋಣಿಯಲ್ಲಿ ನಾವಿಬ್ಬರೇ ವಾಸ. ನಡುಸಮುದ್ರದಲ್ಲಿ ಏನೂ ತಕರಾರಿಲ್ಲ. ಹೊಸ ದೇಶದ ಬಂದರಿಗೆ ಬಂದು ಲಂಗರು ಬಿಡುವ ಹೊತ್ತಿಗೆ ಮಾತ್ರ ಕೂಗಾಟ ಶುರು. ಎರಡು ಸಲ ರಾತ್ರಿ ಲಂಗರು ಜಾರಿಯೂ ಆಯಿತು. ಎಲ್ಲಿ ಎಡವುತ್ತಿದ್ದೇವೆ?

ಉತ್ತರ: ಕೂಗಾಟದ ವಿಷಯ ಮೊದಲು ಮುಗಿಸೋಣ. ಲಂಗರು ಹಾಕುವಾಗ ದೋಣಿ ಗಾಳಿಗೆ ಎದುರಾಗಿರುತ್ತದೆ. ಮುಂತುದಿಯಲ್ಲಿ ನಿಂತವರ ಮಾತು ಹೇಗೋ ಹಿಂದಕ್ಕೆ ತೇಲಿ ಬರುತ್ತದೆ. ಚುಕ್ಕಾಣಿ ಹಿಡಿದವರ ಮಾತು ಗಾಳಿಗೆ ಎದುರು ಹೋಗಬೇಕು, ಜೊತೆಗೆ ಎಂಜಿನ್ ಸದ್ದು. 'ಎಷ್ಟು ಬಿಟ್ಟೆ?' ಅನ್ನುವುದು ಮುಂದೆ ಕೇಳಿಸುವುದೇ ಇಲ್ಲ, ಕೇಳಿಸುವಷ್ಟು ಜೋರಾಗಿ ಅಂದರೆ ಗದರಿದಂತಿರುತ್ತದೆ. ಕೈಸನ್ನೆ ಐದು ಸಾಕು: ಮುಂದೆ, ಹಿಂದೆ, ಎಡ, ಬಲ, ಮುಷ್ಟಿ ಕಟ್ಟಿದರೆ ನ್ಯೂಟ್ರಲ್. ಸನ್ನೆ ಮಾಡುವವರು ಮುಂದಿನವರೇ. ಎಷ್ಟು ಸರಪಳಿ ಎಂಬುದು ಬಂದರು ಹೊಗುವ ಮೊದಲೇ ಇಬ್ಬರಿಗೂ ಗೊತ್ತಿರಲಿ. ಸರಪಳಿ ಎತ್ತಿಳಿಸುವ ಯಂತ್ರ (ವಿಂಡ್‌ಲಾಸ್) ಇದ್ದರೆ ಮುಂದಿನ ಕೆಲಸಕ್ಕೆ ತೋಳ್ಬಲ ಬೇಕಿಲ್ಲ. ಆದರೂ ಗಂಡಸೇ ಅಲ್ಲಿಗೆ ಓಡುವುದು ಯಾಕೋ! ದಿನ ಬಿಟ್ಟು ದಿನ ಜಾಗ ಬದಲಿಸಿ.

ಲಂಗರು ಜಾರುವುದಕ್ಕೆ ಹೆಚ್ಚಾಗಿ ಲೆಕ್ಕವೇ ಕಾರಣ. ಆಳಮಾಪಕ 5 ಮೀಟರ್ ತೋರಿಸಿತು, ಆಳದ ಐದು ಪಟ್ಟು ಸರಪಳಿ ಅಂತ 25 ಮೀಟರ್ ಬಿಟ್ಟಿರಿ ಅನ್ನೋಣ. ನೀರಿನಿಂದ ಮುಂತುದಿಯ ಎತ್ತರ 1 ಮೀಟರ್, ರಾತ್ರಿ ಭರತಕ್ಕೆ ಏರುವ ನೀರು 2 ಮೀಟರ್. ನಿಜವಾದ ಎತ್ತರ 8 ಮೀಟರ್ ಆಯಿತು, ನಿಮ್ಮ 25 ಮೀಟರ್ ಅದಕ್ಕೆ ಮೂರು ಪಟ್ಟು ಚಿಲ್ಲರೆ ಅಷ್ಟೆ. ಸರಪಳಿ ಲಂಗರನ್ನು ಅಡ್ಡಕ್ಕೆ ಎಳೆಯುವ ಬದಲು ಮೇಲಕ್ಕೆ ಕೀಳುತ್ತದೆ. ಬೇಕಿದ್ದುದು 40. ಕೆಲವು ಆಳಮಾಪಕಗಳನ್ನು ಕೀಲ್‌ನ (ದೋಣಿಯ ತಳದಲ್ಲಿ ಕೆಳಕ್ಕೆ ಚಾಚಿದ ಭಾಗ) ಅಡಿಯಿಂದ ಅಳೆಯುವಂತೆ ಹೊಂದಿಸಿರುತ್ತಾರೆ. ಆಗ ದೋಣಿ ಮುಳುಗಿರುವ ಆಳವನ್ನೂ ಕೂಡಿಸಬೇಕು. ಸರಪಳಿಗೆ 10 ಮೀಟರಿಗೊಮ್ಮೆ ಬಣ್ಣ ಬಳಿದಿಟ್ಟರೆ ವಾದಕ್ಕೇ ಜಾಗವಿರುವುದಿಲ್ಲ.

ಇನ್ನು ಬಿಡುವ ಕ್ರಮ. ಗಾಳಿಗೆದುರಾಗಿ ನಿಧಾನ ಹೋಗಿ ದೋಣಿ ಪೂರ್ತಿ ನಿಲ್ಲಲಿ. ಲಂಗರು ತಳ ಮುಟ್ಟಿದ ಮೇಲೆ ಗಾಳಿಗೆ ದೋಣಿ ಹಿಂದೆ ಸರಿದಷ್ಟೇ ಸರಪಳಿ ಬಿಡಿ. ಒಂದೇ ಸಲ ಸುರಿದರೆ ಅದು ಲಂಗರಿನ ಮೇಲೆಯೇ ಗುಡ್ಡೆಯಾಗಿ ಅದರ ಮೊನೆಗೆ ಸುತ್ತಿಕೊಳ್ಳುತ್ತದೆ. ಪೂರ್ತಿ ಬಿಟ್ಟ ಮೇಲೆ ಒಂದೆರಡು ನಿಮಿಷ ಕಾಯ್ದು, ರಿವರ್ಸ್ ಗೇರಿನಲ್ಲಿ ಎಂಜಿನ್ ವೇಗವನ್ನು ಮೆಲ್ಲಗೆ ಏರಿಸಿ. ಆಗ ಮುಂದಿನವರು ಸರಪಳಿಯ ಮೇಲೆ ಅಂಗೈ ಇಟ್ಟು ನೋಡಬೇಕು. ಬಿಗಿಯಾಗಿ ಸುಮ್ಮನಿದ್ದರೆ ಕಚ್ಚಿದೆ. ಗಡಗಡ ನಡುಗಿದರೆ ತಳವನ್ನು ಉಳುತ್ತಾ ಬರುತ್ತಿದೆ ಎಂದರ್ಥ. ಪಕ್ಕಕ್ಕೆ ನೋಡಿದಾಗ ದಡದ ಮರವೊಂದು ಹಿಂದಿನ ಮನೆಯ ನೇರಕ್ಕೇ ನಿಂತಿದ್ದರೆ ದೋಣಿ ನಿಂತಿದೆ. ಮರಳು, ಗಟ್ಟಿ ಕೆಸರು ಒಳ್ಳೆಯದು. ಕಡಲಹುಲ್ಲಿನ ಮೇಲೆ ಬಹಳಷ್ಟು ಲಂಗರುಗಳು ಜಾರುತ್ತವೆ.

ಕೊನೆಗೆ ಭಾರವನ್ನು ವಿಂಡ್‌ಲಾಸ್ ಮೇಲೆ ಬಿಡದೆ ಸರಪಳಿಯಿಂದ ದೋಣಿಗೆ ನೈಲಾನ್ ಹಗ್ಗದ ಸ್ನಬ್ಬರ್ ಕಟ್ಟಿ. ಅದು ಹಿಗ್ಗಿ ಅಲೆಯ ಜಗ್ಗಾಟವನ್ನು ನುಂಗಿಕೊಳ್ಳುತ್ತದೆ.

ಗ್ರೀಸ್, ಟರ್ಕಿಯ ಪುಟ್ಟ ಬಂದರುಗಳಲ್ಲಿ ಲಂಗರನ್ನು ಮುಂದೆ ಬಿಟ್ಟು, ಹಿಂದಕ್ಕೆ ಬಂದು, ದೋಣಿಯ ಹಿಂತುದಿಯನ್ನು ಕಟ್ಟೆಗೆ ಕಟ್ಟುತ್ತಾರೆ. ಅಲ್ಲಿ ಪಕ್ಕದವರ ಸರಪಳಿ ನಿಮ್ಮದರ ಮೇಲೆ ಬೀಳುವುದು ಮಾಮೂಲು. ಹೊರಡುವ ಬೆಳಿಗ್ಗೆ ಬಿಡಿಸಿಕೊಳ್ಳಲು ಸಮಯ ಇಟ್ಟುಕೊಳ್ಳಿ.

ಹೊಸ ದೇಶವಾದರೆ ಪ್ರವೇಶಕ್ಕೆ ಅನುಮತಿ ಕೋರುವ ಹಳದಿ ಬಾವುಟ ಏರಿಸಿಯೇ ಇರುತ್ತೀರಿ. ಎಷ್ಟೋ ದೇಶಗಳಲ್ಲಿ ಕಾಗದಪತ್ರ ಮುಗಿಯುವ ತನಕ ಕ್ಯಾಪ್ಟನ್ ಒಬ್ಬರೇ ದಡಕ್ಕೆ ಇಳಿಯಬೇಕು. ಅಂದರೆ ಇನ್ನೊಬ್ಬರು ದೋಣಿಯಲ್ಲಿ ಒಂಟಿ. ಎಂಜಿನ್ ಚಾಲೂ ಮಾಡಿ ಲಂಗರೆತ್ತುವುದು ಇಬ್ಬರಿಗೂ ಬರಲೇಬೇಕು.

ರಾತ್ರಿಗೆ ಜಿಪಿಎಸ್ ಅಲಾರಂ ಇಡಿ; ಗೊತ್ತುಮಾಡಿದ ವೃತ್ತದಿಂದ ದೋಣಿ ಆಚೆ ಹೋದರೆ ಅದು ಕೂಗುತ್ತದೆ. ಲಂಗರು ಬಿದ್ದ ಜಾಗವನ್ನೇ ನಡುಬಿಂದು ಮಾಡಿ. ದೋಣಿ ಹಿಂದೆ ಸರಿದಾದ ಮೇಲೆ, ಮಲಗುವ ಮುನ್ನ ಗುರುತು ಹಾಕಿದರೆ ವೃತ್ತವೇ ತಪ್ಪುತ್ತದೆ. ಅಲಾರಂ ಕೂಗಿತೋ, ಮೊದಲು ಎದ್ದವರು ಎಂಜಿನ್ ಚಾಲೂ ಮಾಡಿ ಆಮೇಲೆ ಇನ್ನೊಬ್ಬರನ್ನು ಎಬ್ಬಿಸಲಿ.