ಕರಗುವ ಸಾರವೆ, ಸೋರುವ ಔಷಧಿ

ಮೂಳೆ ಡಾಕ್ಟರುಗಳು ನಮ್ಮ ಲ್ಯಾಬಿಗೆ ಬಂದರೆ ಮೊದಲು ಕೇಳುವುದು ಒಂದೇ ಮಾತು: "ಇದು ಎಷ್ಟು ದಿನಕ್ಕೆ ಕರಗುತ್ತೆ?" ನಾನು ತಿರುಗಿ ಕೇಳುತ್ತೇನೆ, "ಯಾವುದು ಸಾರ್, ಸ್ಕ್ಯಾಫೋಲ್ಡೋ, ಅದರೊಳಗಿನ ಔಷಧಿಯೋ?" ಎರಡೂ ಒಟ್ಟಿಗೇ ಮುಗಿಯುತ್ತವೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಾಗುವುದು ಅಪರೂಪ.

ಮೂಳೆ ಮತ್ತೆ ಬೆಳೆಯಬೇಕಾದ ಜಾಗದಲ್ಲಿ ಇಡುವ ಸ್ಕ್ಯಾಫೋಲ್ಡ್ ಅಂದರೆ ಮನೆ ಕಟ್ಟುವಾಗ ನಿಲ್ಲಿಸುವ ಸಾರವೆ ಇದ್ದಂತೆ. ಜೀವಕೋಶಗಳು ಅದನ್ನು ಹಿಡಿದು ಹತ್ತುತ್ತವೆ. ಆದರೆ ಗೋಡೆ ಎದ್ದಮೇಲೆ ಬಿಚ್ಚಲು ಮೈಯೊಳಗೆ ಮೇಸ್ತ್ರಿ ಇಲ್ಲ, ತಾನಾಗಿಯೇ ಕರಗಬೇಕು. ನಾವು ಹೆಚ್ಚಾಗಿ ಬಳಸುವ ಪಾಲಿಮರ್ ಪಿಎಲ್‌ಜಿಎ, ಅಂದರೆ ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳ ಸರಪಳಿ. ಆಪರೇಷನ್ ಥಿಯೇಟರಿನಲ್ಲಿ ದಿನವೂ ಬಳಸುವ ವೈಕ್ರಿಲ್ ಹೊಲಿಗೆದಾರ ಇದರ ದಾಯಾದಿ. ಆ ದಾರದ ಅರ್ಧ ಬಲ ಮೂರು ವಾರಕ್ಕೇ ಹೋಗಿರುತ್ತದೆ, ಪೂರ್ತಿ ಕರಗಲು ಮಾತ್ರ ಸುಮಾರು ಎರಡು ತಿಂಗಳು ಬೇಕು. ಬಲದ ಲೆಕ್ಕ ಬೇರೆ, ಕರಗುವ ಲೆಕ್ಕ ಬೇರೆ; ಔಷಧಿಯದು ಮೂರನೇ ಲೆಕ್ಕ.

ಕರಗುವ ವೇಗ ಸ್ವಲ್ಪ ಮಟ್ಟಿಗೆ ನಮ್ಮ ಕೈಯಲ್ಲಿದೆ. ಎರಡು ಆಮ್ಲಗಳೂ 50:50 ಇದ್ದರೆ ಒಂದೆರಡು ತಿಂಗಳು, ಲ್ಯಾಕ್ಟಿಕ್ 75ಕ್ಕೆ ಏರಿದರೆ ನಾಲ್ಕೈದು ತಿಂಗಳು. ಲ್ಯಾಕ್ಟಿಕ್ ಭಾಗ ನೀರನ್ನು ಅಷ್ಟು ಸುಲಭವಾಗಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಔಷಧಿ ಹೀಗೆ ಮಾತು ಕೇಳುವುದಿಲ್ಲ. ಸ್ಕ್ಯಾಫೋಲ್ಡಿಗೆ ಸೆಟ್ ದೋಸೆಯ ಹಾಗೆ ತೂತು ಬೇಕು. ಅದಕ್ಕೆ ಪಾಲಿಮರ್ ದ್ರಾವಣಕ್ಕೆ ಜರಡಿ ಹಿಡಿದ ಉಪ್ಪು ಬೆರೆಸಿ, ಒಣಗಿಸಿ, ಆಮೇಲೆ ಉಪ್ಪನ್ನು ನೀರಿನಲ್ಲಿ ತೊಳೆದು ತೆಗೆಯುತ್ತೇವೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಉಪ್ಪಿನ ಜೊತೆಗೇ ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್ ಪುಡಿಯನ್ನೂ ಹಾಕಿ, ಎರಡು ದಿನ ಶ್ರದ್ಧೆಯಿಂದ ತೊಳೆದಿದ್ದೆ. ಉಪ್ಪೂ ಹೋಯಿತು, ಔಷಧಿಯೂ ಹೋಯಿತು. ಎರಡೂ ನೀರಿನಲ್ಲಿ ಕರಗುವವೇ ಅಲ್ಲವೆ! ಈಗ ಔಷಧಿಯನ್ನು ಮೊದಲು ಸಣ್ಣ ಪಿಎಲ್‌ಜಿಎ ಗುಂಡುಗಳೊಳಗೆ ಮುಚ್ಚಿಟ್ಟು, ತೊಳೆದ ಸ್ಕ್ಯಾಫೋಲ್ಡಿಗೆ ಆಮೇಲೆ ಕೂಡಿಸುತ್ತೇವೆ.

ಅಷ್ಟು ಮಾಡಿದರೂ ಮೊದಲ ದಿನದ ಕಾಟ ತಪ್ಪಿದ್ದಲ್ಲ. ಮೇಲ್ಮೈಗೆ ಅಂಟಿದ್ದ ಔಷಧಿ ನೀರು ಸೋಕಿದ ಕೂಡಲೇ ನುಗ್ಗಿ ಹೊರಬರುತ್ತದೆ. ಮೂಳೆ ಸೋಂಕಿಗೆ ಇದು ಕೆಟ್ಟದ್ದೇನಲ್ಲ; ಮೊದಲ ಏಟು ಜೋರಾಗಿಯೇ ಬೀಳಲಿ. ಅಲ್ಲಿ ಅಪಾಯವಿರುವುದು ಕೊನೆಯಲ್ಲಿ, ಬ್ಯಾಕ್ಟೀರಿಯಾ ಸಾಯದೆ ಪಳಗುವಷ್ಟೇ ಔಷಧಿ ವಾರಗಟ್ಟಲೆ ಜಿನುಗಿದಾಗ. ಹಳೆಯ ಅಕ್ರಿಲಿಕ್ ಸಿಮೆಂಟಿನಲ್ಲಿ ಜೆಂಟಾಮೈಸಿನ್ ಆಂಟಿಬಯಾಟಿಕ್ ಸೇರಿಸಿದ ಮಣಿಗಳಿಗೆ ಈ ದೋಷವಿತ್ತು. ಕರಗದ ಆ ಮಣಿಗಳನ್ನು ತೆಗೆಯಲು ಇನ್ನೊಂದು ಆಪರೇಷನ್ ಬೇರೆ.

ಮೂಳೆ ಬೆಳೆಸುವ ಪ್ರೋಟೀನಿನ ವಿಷಯದಲ್ಲಿ ಮಾತ್ರ ಮೊದಲ ದಿನದ ಸೋರಿಕೆಯನ್ನು ನಾನು ಕ್ಷಮಿಸಲಾರೆ. ಕೊಲಾಜೆನ್ ಸ್ಪಂಜಿನಲ್ಲಿ ಬಿಎಂಪಿ-2 ಎಂಬ ಅಂಥ ಪ್ರೋಟೀನನ್ನು ನೆನೆಸಿ ಸೊಂಟದ ಬೆನ್ನುಮೂಳೆಗೆ ಇಡಲು 2002ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮಿಲಿಲೀಟರಿಗೆ 1.5 ಮಿಲಿಗ್ರಾಂ; ಮೈ ತಾನಾಗಿ ಬಳಸುವುದಕ್ಕೆ ಹೋಲಿಸಿದರೆ ವಿಪರೀತ. ಸ್ಪಂಜು ಹಿಡಿದಿಟ್ಟುಕೊಳ್ಳುವುದಿಲ್ಲ ಎಂದೇ ಅಷ್ಟು ಸುರಿಯಬೇಕಾಯಿತು. ಒಪ್ಪಿಗೆಯಿಲ್ಲದೆಯೂ ಕೆಲವರು ಅದನ್ನು ಕತ್ತಿನ ಮೂಳೆಗೆ ಬಳಸಿದರು. ಗಂಟಲು ಊದಿ ಉಸಿರಾಟಕ್ಕೇ ಕುತ್ತು ಬಂದ ವರದಿಗಳ ಮೇಲೆ 2008ರಲ್ಲಿ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು.

ಹಾಗಾದರೆ ಪಿಎಲ್‌ಜಿಎ ದಪ್ಪ ಮಾಡಿ ಬಿಗಿಹಿಡಿಯೋಣವೆಂದರೆ ಇನ್ನೊಂದು ತರಲೆ. ಕರಗಲು ಇಟ್ಟ ಐದನೇ ವಾರ ಅಂಥ ಒಂದು ಬಿಲ್ಲೆಯನ್ನು ಬ್ಲೇಡಿನಿಂದ ಕೊಯ್ದು ನೋಡಿದ್ದೆ: ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಜೋನಿಬೆಲ್ಲದಂಥ ಅಂಟು. ಕರಗುವಾಗ ಹುಟ್ಟುವ ಆಮ್ಲ ಹೊರಗೆ ಹೋಗಲಾರದೆ ನಡುವೆಯೇ ಸಿಕ್ಕಿಬಿದ್ದು ಅಲ್ಲಿನ ಪಾಲಿಮರನ್ನು ಇನ್ನೂ ಬೇಗ ತಿನ್ನುತ್ತದೆ. ಆ ಹುಳಿಯಲ್ಲಿ ಪ್ರೋಟೀನು ಬದುಕುವುದು ಕಷ್ಟ. ಕ್ಯಾಲ್ಸಿಯಂ ಫಾಸ್ಫೇಟ್ ಪುಡಿ ಬೆರೆಸಿದರೆ ಹುಳಿ ಸ್ವಲ್ಪ ತಗ್ಗುತ್ತದೆ.

ಕರಗುವ ಗಡಿಯಾರ ಶುರುವಾಗಲು ಮೈಯೇ ಬೇಕೆಂದಿಲ್ಲ, ತೇವ ಸಾಕು. ಫ್ರೀಜರಿನಿಂದ ತೆಗೆದ ಸ್ಕ್ಯಾಫೋಲ್ಡ್ ಪೊಟ್ಟಣವನ್ನು ತಣ್ಣಗಿರುವಾಗಲೇ ಒಡೆದರೆ ಗಾಳಿಯ ಪಸೆ ಅದರ ಮೇಲೆ ಕೂರುತ್ತದೆ. ಒಮ್ಮೆ ಮಳೆಗಾಲದಲ್ಲಿ, ಒಂದು ಕಡೆ ಹೀಗೇ ಒಡೆದು ಅರ್ಧ ಬಳಸಿ, ಉಳಿದದ್ದನ್ನು ರಬ್ಬರ್ ಬ್ಯಾಂಡ್ ಸುತ್ತಿ ಕಪಾಟಿನಲ್ಲಿಟ್ಟಿದ್ದರು. ಮುಂದಿನ ತಿಂಗಳು ಇಕ್ಕಳದಲ್ಲಿ ಹಿಡಿದರೆ ಪುಡಿಪುಡಿಯಾಯಿತು. ಈಗ ಯಾರಾದರೂ ಎಷ್ಟು ದಿನಕ್ಕೆ ಕರಗುತ್ತೆ ಎಂದರೆ, ಪೊಟ್ಟಣ ಯಾವತ್ತು ಒಡೆದಿರಿ ಅಂತಲೂ ಕೇಳುತ್ತೇನೆ.