ಎಂಟು ಅಂಕ ಕಡಿಮೆ: ಇಂಡಿಕಾರ್‌ನಿಂದ ಫಾರ್ಮುಲಾ ಒನ್‌ಗೆ ಹೋಗುವ ದಾರಿ ಕಿರಿದಾದ ಬಗೆ

2022ರ ಜುಲೈನಲ್ಲಿ ಮೆಕ್‌ಲಾರೆನ್ ತಂಡ ಪೋರ್ಚುಗಲ್‌ನ ಪೋರ್ಟಿಮಾವೊ ಟ್ರ್ಯಾಕ್‌ಗೆ ತನ್ನ ಹಿಂದಿನ ವರ್ಷದ ಫಾರ್ಮುಲಾ ಒನ್ ಕಾರನ್ನು ತಂದು, ಅಮೆರಿಕದ ಕೋಲ್ಟನ್ ಹರ್ಟಾ ಅವರ ಕೈಗೆ ಕೊಟ್ಟಿತು. ಹರ್ಟಾಗೆ ಆಗ 22 ವರ್ಷ. 2019ರಲ್ಲಿ, 19 ತುಂಬುವ ಮೊದಲೇ, ಆಸ್ಟಿನ್‌ನಲ್ಲಿ ಗೆದ್ದು, ಅಮೆರಿಕದ ಪ್ರಮುಖ ರೇಸ್ ಸರಣಿಯಾದ ಇಂಡಿಕಾರ್ ಇತಿಹಾಸದ ಅತಿ ಕಿರಿಯ ವಿಜೇತ ಅನ್ನಿಸಿಕೊಂಡಿದ್ದರು. ಪೋರ್ಟಿಮಾವೊಗೆ ಬರುವ ಹೊತ್ತಿಗೆ ಅವರ ಖಾತೆಯಲ್ಲಿ ಏಳು ಗೆಲುವುಗಳಿದ್ದವು. ಅದೇ ಬೇಸಿಗೆಯಲ್ಲಿ ರೆಡ್ ಬುಲ್ ಬಳಗವೂ ಅವರ ಮೇಲೆ ಕಣ್ಣಿಟ್ಟಿತು. ಪಿಯೆರ್ ಗ್ಯಾಸ್ಲಿ ಆಲ್ಪೀನ್‌ಗೆ ಹೋದರೆ ಆ ಬಳಗದ ಎರಡನೇ ತಂಡವಾದ ಆಲ್ಫಾಟೌರಿಯಲ್ಲಿ ತೆರವಾಗುವ ಸೀಟು ಹರ್ಟಾಗೆ ಎಂಬ ಲೆಕ್ಕಾಚಾರ ನಡೆದಿತ್ತು. ಸೆಪ್ಟೆಂಬರ್‌ನಲ್ಲಿ ವಿಶ್ವ ಮೋಟಾರ್ ರೇಸಿಂಗ್‌ನ ಆಡಳಿತ ಸಂಸ್ಥೆ ಎಫ್‌ಐಎ ಆಗುವುದಿಲ್ಲ ಎಂದಿತು. ಫಾರ್ಮುಲಾ ಒನ್ ಓಡಿಸಲು ಸೂಪರ್ ಲೈಸೆನ್ಸ್ ಎಂಬ ಪರವಾನಗಿ ಬೇಕು; ಅದಕ್ಕೆ ಬೇಕಾದದ್ದು 40 ಅಂಕ, ಹರ್ಟಾ ಬಳಿ ಇದ್ದದ್ದು 32. ಸೀಟು ನಿಕ್ ಡಿ ವ್ರೀಸ್ ಪಾಲಾಯಿತು.

ಈ 40 ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1950ರಿಂದ 1960ರವರೆಗೆ ಇಂಡಿಯಾನಾಪೊಲಿಸ್ 500 ರೇಸ್ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್‌ನ ಭಾಗವೇ ಆಗಿತ್ತು. ಕಾಗದದ ಮೇಲೆ ಎರಡೂ ಒಂದೇ ಮನೆ. ಆದರೆ ಒಂದು ಕೋಣೆಯವರು ಇನ್ನೊಂದಕ್ಕೆ ಕಾಲಿಡುತ್ತಿರಲಿಲ್ಲ. 1952ರಲ್ಲಿ ಆಲ್ಬರ್ಟೊ ಅಸ್ಕಾರಿ ಫೆರಾರಿಯೊಂದಿಗೆ ಸಾಗರ ದಾಟಿ ಹೋದರೂ 40 ಸುತ್ತುಗಳಲ್ಲಿ ಚಕ್ರ ಕೈಕೊಟ್ಟಿತು. ನಿಜವಾದ ಓಡಾಟ ಶುರುವಾದದ್ದು ಆಮೇಲೆ. ಸ್ಕಾಟ್ಲೆಂಡ್‌ನ ಜಿಮ್ ಕ್ಲಾರ್ಕ್ 1965ರಲ್ಲಿ ಇಂಡಿ 500 ಗೆದ್ದರು, ಅದೇ ವರ್ಷ ಫಾರ್ಮುಲಾ ಒನ್ ಚಾಂಪಿಯನ್ ಕೂಡ ಆದರು. ಅಮೆರಿಕದ ಓವಲ್ ಎಂಬ ಅಂಡಾಕಾರದ ಟ್ರ್ಯಾಕ್‌ಗಳಲ್ಲಿ ಪಳಗಿದ ಮಾರಿಯೊ ಆಂಡ್ರೆಟ್ಟಿ 1968ರಲ್ಲಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ತಮ್ಮ ಮೊದಲ ಫಾರ್ಮುಲಾ ಒನ್ ರೇಸ್‌ಗೇ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಸ್ಥಾನ, ಹಿಡಿದರು. ಹತ್ತು ವರ್ಷದ ನಂತರ ವಿಶ್ವ ಚಾಂಪಿಯನ್ ಆದರು. ಯಾರೂ ಅವರ ಅಂಕ ಎಣಿಸಲಿಲ್ಲ.

'ಸೂಪರ್ ಲೈಸೆನ್ಸ್' ಎಂಬ ಪದ ದೊಡ್ಡ ಸುದ್ದಿಯಾದದ್ದು 1982ರ ಜನವರಿಯಲ್ಲಿ, ದಕ್ಷಿಣ ಆಫ್ರಿಕಾದ ಕ್ಯಾಲಾಮಿಯಲ್ಲಿ. ಆ ಜಗಳಕ್ಕೂ ಚಾಲಕನ ಪ್ರತಿಭೆಗೂ ಸಂಬಂಧವಿರಲಿಲ್ಲ. ಜಾನ್ ಮರಿ ಬಾಲೆಸ್ಟ್ರ್ ಅಧ್ಯಕ್ಷರಾಗಿದ್ದ, ಆಗ ರೇಸಿಂಗ್ ಆಡಳಿತ ನೋಡುತ್ತಿದ್ದ ಫಿಸಾ ಸಂಸ್ಥೆ ಕಳಿಸಿದ ಅರ್ಜಿಯಲ್ಲಿ ಚಾಲಕನನ್ನು ಒಂದೇ ತಂಡಕ್ಕೆ ಕಟ್ಟಿಹಾಕುವ, ಸಂಸ್ಥೆಯ ವಿರುದ್ಧ ಬಾಯಿ ಬಿಡದಂತೆ ಮಾಡುವ ಷರತ್ತುಗಳಿದ್ದವು. ಅದನ್ನು ಗಮನಿಸಿದವರು ಚಾಲಕ ನಿಕಿ ಲೌಡಾ. ಬಹುತೇಕ ಚಾಲಕರು ಬಸ್ ಹತ್ತಿ ಜೊಹಾನ್ಸ್‌ಬರ್ಗ್‌ನ ಹೋಟೆಲಿಗೆ ಹೋದರು. ಒಬ್ಬೊಬ್ಬರೇ ಒತ್ತಡಕ್ಕೆ ಮಣಿಯದಿರಲೆಂದು ಒಂದೇ ಹಾಲ್‌ನಲ್ಲಿ ಹಾಸಿಗೆ ಹಾಕಿಕೊಂಡು ರಾತ್ರಿ ಕಳೆದರು. ಎಲಿಯೊ ಡಿ ಆಂಜಲಿಸ್ ಪಿಯಾನೊ ನುಡಿಸಿದರು. ಡಿಡಿಯೆ ಪಿರೋನಿ ಮಾತುಕತೆ ನಡೆಸಿದರು. ರೇಸ್ ನಡೆಯಿತು, ಆಲೆನ್ ಪ್ರೋಸ್ಟ್ ಗೆದ್ದರು. ಈ ಲೈಸೆನ್ಸ್ ಹುಟ್ಟಿನಿಂದಲೇ ಸುರಕ್ಷತೆಯ ಜೊತೆ ಅಧಿಕಾರದ ಕಾಗದವೂ ಆಗಿತ್ತು ಎಂಬುದಕ್ಕೆ ನನ್ನ ಕಣ್ಣಲ್ಲಿ ಆ ರಾತ್ರಿಯೇ ಸಾಕ್ಷಿ.

ಆಮೇಲಿನ ಎರಡು ದಶಕ ಅಮೆರಿಕದ ದಾರಿ ತೆರೆದೇ ಇತ್ತು. ಜಾಕ್ ವಿಲ್ನವ್ 1995ರಲ್ಲಿ ಇಂಡಿ 500 ಮತ್ತು ಅಮೆರಿಕದ ಆಗಿನ ಪ್ರಮುಖ ಸರಣಿ ಕಾರ್ಟ್‌ನ ಪ್ರಶಸ್ತಿ ಗೆದ್ದು ವಿಲಿಯಮ್ಸ್ ತಂಡ ಸೇರಿದರು. 1997ರಲ್ಲಿ ವಿಶ್ವ ಚಾಂಪಿಯನ್. ಹ್ವಾನ್ ಪಾಬ್ಲೊ ಮೊಂಟೋಯಾ ಕೂಡ ಅದೇ ದಾರಿ ಹಿಡಿದರು. ಮೈಕೆಲ್ ಆಂಡ್ರೆಟ್ಟಿ ಮಾತ್ರ 1993ರಲ್ಲಿ ಮೆಕ್‌ಲಾರೆನ್‌ನಲ್ಲಿ ಸೋತರು, ಮೊಂಝಾದಲ್ಲಿ ಮೂರನೆಯವರಾದ ರೇಸ್ ಮುಗಿಸಿಯೇ ಊರಿಗೆ ಮರಳಿದರು. ಅದೇ ವರ್ಷ ಎದುರು ದಿಕ್ಕಿನಲ್ಲಿ ಹೋದ ನೈಜೆಲ್ ಮ್ಯಾನ್ಸೆಲ್, ಫಾರ್ಮುಲಾ ಒನ್ ಚಾಂಪಿಯನ್ ಪಟ್ಟದೊಂದಿಗೆ ಹೋಗಿ ಕಾರ್ಟ್ ಪಟ್ಟವನ್ನೂ ಗೆದ್ದರು. ಯಾರು ಯಾವ ಕಾರಿಗೆ ತಕ್ಕವರು ಎಂಬುದನ್ನು ತಂಡದ ಮಾಲೀಕರು ತೀರ್ಮಾನಿಸುತ್ತಿದ್ದರು, ಉತ್ತರವನ್ನು ಟ್ರ್ಯಾಕ್ ಹೇಳುತ್ತಿತ್ತು.

ಆಗಲೂ ನಿಯಮಗಳಿದ್ದವು. ಆದರೆ ಕೊನೆಯ ಮಾತು ವಿವೇಚನೆಯದು. 2001ರಲ್ಲಿ ಸೌಬರ್ ತಂಡ ಕಿಮಿ ರೈಕ್ಕೊನೆನ್ ಅವರನ್ನು ತಂದಾಗ ಅವರು ಓಡಿಸಿದ್ದ ಕಾರ್ ರೇಸ್‌ಗಳು ಬರೀ 23. ಎಫ್‌ಐಎ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿಗೇ ಇದು ಒಪ್ಪಿಗೆಯಿರಲಿಲ್ಲ. ಆದರೂ ತಾತ್ಕಾಲಿಕ ಲೈಸೆನ್ಸ್ ಸಿಕ್ಕಿತು. ಮೆಲ್ಬರ್ನ್‌ನ ಮೊದಲ ರೇಸ್‌ನಲ್ಲೇ ಆರನೆಯವರಾಗಿ ಒಂದು ಅಂಕ ತಂದರು, 2007ರಲ್ಲಿ ವಿಶ್ವ ಚಾಂಪಿಯನ್ ಆದರು. ಅದೇ ವಿವೇಚನೆ ಎಡವಿದ್ದೂ ಉಂಟು. 2006ರಲ್ಲಿ ಸೂಪರ್ ಅಗುರಿ ತಂಡದ ಯುಜಿ ಇಡೆ ಇಮೋಲಾದಲ್ಲಿ ಕ್ರಿಸ್ಟಿಯನ್ ಆಲ್ಬರ್ಸ್ ಅವರ ಕಾರನ್ನು ಪಲ್ಟಿ ಹೊಡೆಸಿದಾಗ ಕೊಟ್ಟ ಲೈಸೆನ್ಸನ್ನೇ ವಾಪಸ್ ಪಡೆಯಬೇಕಾಯಿತು. ನಾಲ್ಕೇ ರೇಸ್‌ಗೆ ಅವರ ಫಾರ್ಮುಲಾ ಒನ್ ಬದುಕು ಮುಗಿಯಿತು. ಹಾಗಾಗಿ ಬಾಗಿಲಲ್ಲಿ ಯಾರೂ ಕೇಳಬಾರದು ಎಂದು ನಾನು ಹೇಳಲಾರೆ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಪಕ್ಕದಲ್ಲಿ ಓಡುವವನ ಜೀವವೂ ಅದೇ ಲೈಸೆನ್ಸಿನ ಮೇಲೆ ನಿಂತಿರುತ್ತದೆ.

ವಿವೇಚನೆಯ ಕಾಲ ಮುಗಿದದ್ದು ಮ್ಯಾಕ್ಸ್ ವರ್ಸ್ಟಾಪನ್ ಅವರಿಂದ. ಕಿರಿಯರ ಸರಣಿಯಾದ ಫಾರ್ಮುಲಾ ತ್ರೀಯಲ್ಲಿ ಒಂದೇ ಒಂದು ಋತು ಓಡಿಸಿದ್ದ ಹುಡುಗನನ್ನು ಟೊರೊ ರೊಸ್ಸೊ ತಂಡ 2015ಕ್ಕೆ ನೇರ ಕೂರಿಸಿತು. ಮೊದಲ ರೇಸ್‌ನ ದಿನ ವಯಸ್ಸು 17 ವರ್ಷ 166 ದಿನ. ಊರ ರಸ್ತೆಯಲ್ಲಿ ಕಾರು ಓಡಿಸುವ ಲೈಸೆನ್ಸ್ ಆತನಿಗೆ ಸಿಕ್ಕಿದ್ದು ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ, 18 ತುಂಬಿದ ದಿನ. ಮೊದಲ ರೇಸ್‌ಗೂ ಮುಂಚೆ, 2015ರ ಜನವರಿಯಲ್ಲೇ, ಎಫ್‌ಐಎ ಹೊಸ ನಿಯಮ ಪ್ರಕಟಿಸಿತು. 2016ರಿಂದ ಕನಿಷ್ಠ 18 ವರ್ಷ, ರಸ್ತೆ ಲೈಸೆನ್ಸ್, ಕಿರಿಯರ ಸರಣಿಗಳಲ್ಲಿ ಎರಡು ವರ್ಷ, ಫಾರ್ಮುಲಾ ಒನ್ ಕಾರಿನಲ್ಲಿ 300 ಕಿಲೋಮೀಟರ್ ಓಟ; ಇವೆಲ್ಲದರ ಮೇಲೆ ಮೂರು ವರ್ಷದಲ್ಲಿ 40 ಅಂಕ. ಹುಡುಗರು ಅವಸರದಿಂದ ಮೇಲೇರದಂತೆ ಕಟ್ಟಿದ ಗೋಡೆ ಇದು. ಅದು ಅಡ್ಡ ಬಂದದ್ದು ಮಾತ್ರ ಬೇರೆ ಖಂಡದಲ್ಲಿ ಆಗಲೇ ದೊಡ್ಡವರಾಗಿದ್ದವರಿಗೆ.

ಕಾರಣ ಅಂಕಗಳ ಕೋಷ್ಟಕ. ಯಾವ ಸರಣಿಯಲ್ಲಿ ಎಷ್ಟನೇ ಸ್ಥಾನಕ್ಕೆ ಎಷ್ಟು ಅಂಕ ಎಂದು ಎಫ್‌ಐಎ ನಿಗದಿ ಮಾಡಿತು. ಅದರದೇ ಏಣಿಯ ಮೇಲಿನ ಮೆಟ್ಟಿಲಾದ ಫಾರ್ಮುಲಾ ಟೂನಲ್ಲಿ ಮೊದಲ ಮೂವರಿಗೂ ತಲಾ 40. ಇಂಡಿಕಾರ್‌ನಲ್ಲಿ 2025ರವರೆಗೆ ಚಾಂಪಿಯನ್‌ಗೆ 40, ಎರಡನೆಯವರಿಗೆ 30, ಮೂರನೆಯವರಿಗೆ 20, ನಾಲ್ಕನೆಯವರಿಗೆ 10.

2020ನ್ನೇ ನೋಡಿ. ಯುಕಿ ತ್ಸುನೋಡಾ ಆ ವರ್ಷ ಫಾರ್ಮುಲಾ ಟೂನಲ್ಲಿ ಮೂರನೆಯವರಾದರು. ಹರ್ಟಾ ಇಂಡಿಕಾರ್‌ನಲ್ಲಿ ಮೂರನೆಯವರಾದರು. ತ್ಸುನೋಡಾಗೆ ಆ ಒಂದೇ ಋತುವಿಗೆ 40 ಅಂಕ ಸಿಕ್ಕಿತು, 2021ಕ್ಕೆ ಆಲ್ಫಾಟೌರಿ ಸೀಟೂ ಸಿಕ್ಕಿತು. ಹರ್ಟಾಗೆ ದಕ್ಕಿದ್ದು 20. ಅದಕ್ಕೆ 2019ರ ಏಳನೇ ಸ್ಥಾನದ 4, 2021ರ ಐದನೇ ಸ್ಥಾನದ 8 ಸೇರಿಸಿದರೆ 32. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎನ್ನದೆ ಇದಕ್ಕೆ ಬೇರೆ ಏನೆನ್ನಬೇಕೋ ಗೊತ್ತಿಲ್ಲ. ತ್ಸುನೋಡಾ ಅವರ ಓಟದಲ್ಲಿ ನನಗೆ ಯಾವ ಕೊರತೆಯೂ ಕಾಣದು. ಕೊರತೆ ಇದ್ದದ್ದು ತಕ್ಕಡಿಯಲ್ಲಿ.

ಇಂಡಿಕಾರ್ ಸುಲಭದ ಸರಣಿ ಎಂದಾದರೆ ಈ ತಕ್ಕಡಿಯನ್ನು ಒಪ್ಪಬಹುದಿತ್ತು. ಆದರೆ ಹತ್ತು ಬಾರಿ ಫಾರ್ಮುಲಾ ಒನ್ ಪೋಡಿಯಂ ಏರಿದ ರೊಮೇನ್ ಗ್ರೋಜಾನ್ 2021ರಿಂದ 2024ರವರೆಗೆ ಅಲ್ಲಿ ಒಂದು ರೇಸನ್ನೂ ಗೆಲ್ಲಲಿಲ್ಲ. ಆರು ಬಾರಿಯ ಚಾಂಪಿಯನ್ ಸ್ಕಾಟ್ ಡಿಕ್ಸನ್‌ರಂಥವರು ಆ ಕಣದಲ್ಲಿ ಇನ್ನೂ ಓಡುತ್ತಿದ್ದಾರೆ. ಫಾರ್ಮುಲಾ ಟೂ ಕಲಿಯುವವರ ಶಾಲೆ, ಅಲ್ಲಿ ಚಾಂಪಿಯನ್ ಆದವನು ಮತ್ತೆ ಓಡುವಂತಿಲ್ಲ. ಇಂಡಿಕಾರ್‌ನಲ್ಲಿ ಇಪ್ಪತ್ತು ವರ್ಷ ಪಳಗಿದವರ ಎದುರು ಮೂರನೆಯವನಾಗುವುದಕ್ಕೆ ಅರ್ಧ ಬೆಲೆ ಕಟ್ಟಿದ್ದು ಹೇಗೆ?

ಎದುರು ದಿಕ್ಕಿನ ಬಾಗಿಲನ್ನೂ ನೋಡಬೇಕು. 2017ರಲ್ಲಿ ಎರಡು ಬಾರಿಯ ವಿಶ್ವ ಚಾಂಪಿಯನ್ ಫರ್ನಾಂಡೊ ಅಲೊನ್ಸೊ ಇಂಡಿ 500 ಓಡಿಸಲು ಹೋದಾಗ ಅವರೂ ಹೊಸಬರ ಪರೀಕ್ಷೆ ಬರೆಯಲೇಬೇಕಾಯಿತು. ಗಂಟೆಗೆ 210ರಿಂದ 215 ಮೈಲಿ ವೇಗದಲ್ಲಿ 10 ಸುತ್ತು, 215ರಿಂದ 220ರಲ್ಲಿ 15 ಸುತ್ತು, 220 ದಾಟಿ ಇನ್ನೂ 15 ಸುತ್ತು. ಹಳೆಯ ಪದಕಗಳನ್ನು ಯಾರೂ ಕೇಳಲಿಲ್ಲ. ಆ ಗೋಡೆಗಳ ನಡುವೆ ಆ ವೇಗದಲ್ಲಿ ಕಾರು ಹಿಡಿತದಲ್ಲಿರುತ್ತದೆಯೇ ಎಂದಷ್ಟೇ ನೋಡಿದರು. ಅರ್ಹತೆಯ ಪರೀಕ್ಷೆ ಎಂದರೆ ನನಗೆ ಇದು.

ಹರ್ಟಾ ವಿಷಯದಲ್ಲಿ ವಿನಾಯಿತಿ ಕೊಟ್ಟರೆ ನಿಯಮಕ್ಕೇ ಬೆಲೆ ಇರುವುದಿಲ್ಲ ಎಂದು ಕೆಲವು ತಂಡಗಳ ಮುಖ್ಯಸ್ಥರು ಅಂದರು. ಆಟ ನಡೆಯುತ್ತಿರುವಾಗ ಗೆರೆ ಅಳಿಸಬಾರದು ಎಂಬ ಆ ಮಾತಿನಲ್ಲಿ ನ್ಯಾಯವಿತ್ತು. ಆದರೆ 2024ರಲ್ಲಿ ಎಫ್‌ಐಎ ಗೆರೆ ಬದಲಿಸಿತು. ಅಸಾಧಾರಣ ಸಾಮರ್ಥ್ಯ, ಪ್ರೌಢತೆ ತೋರಿದ ಚಾಲಕನಿಗೆ 17ಕ್ಕೇ ಸೂಪರ್ ಲೈಸೆನ್ಸ್ ಕೊಡುವ ವಿವೇಚನೆಯನ್ನು ಮತ್ತೆ ತನ್ನ ಕೈಗೆ ತೆಗೆದುಕೊಂಡಿತು. ಆಗ ಎಲ್ಲರ ಬಾಯಲ್ಲಿದ್ದ ಹೆಸರು ಮರ್ಸಿಡಿಸ್‌ನ ಕಿಮಿ ಆಂಟೊನೆಲ್ಲಿ. ಆಗಸ್ಟ್‌ನಲ್ಲಿ ಅವರಿಗೆ 18 ತುಂಬಿದ್ದರಿಂದ ವಿನಾಯಿತಿಯ ಅಗತ್ಯವೇ ಬೀಳಲಿಲ್ಲ. ಮರುವರ್ಷ ರೆಡ್ ಬುಲ್‌ನ ಆರ್ವಿಡ್ ಲಿಂಡ್‌ಬ್ಲಾಡ್ ಅದರ ಫಲ ಪಡೆದರು. ಯಾವ ಬಾಗಿಲನ್ನು ಮುಚ್ಚಲು ಈ ನಿಯಮ ಹುಟ್ಟಿತೋ ಅದೇ ಬಾಗಿಲು ಮತ್ತೆ ತೆರೆಯಿತು. ಅಮೆರಿಕದ ಕಡೆಯ ಬಾಗಿಲಿಗೆ ಅಂಥ ವಿವೇಚನೆ ಬರಲಿಲ್ಲ.

ಏಣಿಯೊಳಗೇ ಇರುವವರಿಗೂ ಈ ಲೆಕ್ಕ ಕಷ್ಟದ್ದೇ. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟೂನ ಸ್ಪ್ರಿಂಟ್ ಎಂಬ ಚಿಕ್ಕ ರೇಸ್ ಗೆದ್ದಾಗ ಇಲ್ಲಿ ಸಂಭ್ರಮಪಟ್ಟವರಲ್ಲಿ ನಾನೂ ಒಬ್ಬ. ಆ ಬೀದಿಗಳಲ್ಲಿ ಗೆಲ್ಲುವುದು ಸಣ್ಣ ಮಾತಲ್ಲ. ಆದರೆ ಸೂಪರ್ ಲೈಸೆನ್ಸ್ ಕೋಷ್ಟಕಕ್ಕೆ ಒಂದು ರೇಸ್ ಕಾಣಿಸುವುದಿಲ್ಲ, ಋತುವಿನ ಕೊನೆಯ ಸ್ಥಾನವಷ್ಟೇ ಕಾಣುತ್ತದೆ. ಮೊದಲ ಹತ್ತರೊಳಗೆ ಬರದಿದ್ದರೆ ಆ ಗೆಲುವಿಗೆ ಅಲ್ಲಿ ಲೆಕ್ಕವಿಲ್ಲ.

ಹರ್ಟಾ 2024ರಲ್ಲಿ ಇಂಡಿಕಾರ್‌ನಲ್ಲಿ ಎರಡನೆಯವರಾದರು, 30 ಅಂಕ. 2025ರಲ್ಲಿ ಏಳನೆಯವರು, 4 ಅಂಕ. ಆ ವರ್ಷವೇ 2026ರಲ್ಲಿ ಫಾರ್ಮುಲಾ ಒನ್ ಕಣಕ್ಕಿಳಿಯಲಿದ್ದ ಕ್ಯಾಡಿಲಾಕ್ ತಂಡ ಅವರನ್ನು ಪರೀಕ್ಷಾ ಚಾಲಕನಾಗಿ ಸೇರಿಸಿಕೊಂಡಿತು. ರೇಸ್ ಸೀಟುಗಳು ಸೆರ್ಜಿಯೊ ಪೆರೆಸ್ ಮತ್ತು ವಾಲ್ಟೆರಿ ಬೊಟ್ಟಾಸ್ ಪಾಲಾದವು. ಅಮೆರಿಕದಲ್ಲಿ ನೆಲೆ ನಿಂತಿದ್ದ ವೃತ್ತಿಯನ್ನು ಬಿಟ್ಟು, ತಮಗಿಂತ ಆರೇಳು ವರ್ಷ ಚಿಕ್ಕವರ ಜೊತೆ 2026ರ ಫಾರ್ಮುಲಾ ಟೂ ಓಡಿಸಲು ಹರ್ಟಾ ಹೈಟೆಕ್ ತಂಡಕ್ಕೆ ಸಹಿ ಹಾಕಿದರು. ಆ ಎರಡು ವರ್ಷದ ಮೊತ್ತ 34. ಆಗ ಇನ್ನೂ ಬೇಕಿದ್ದದ್ದು ಆರು ಅಂಕ.