ರಬಿಶ್, ಟ್ರ್ಯಾಶ್, ಗಾರ್ಬೇಜ್: ಎಲ್ಲವೂ ಕಸವೇ, ಆದರೆ ಒಂದೇ ಕಸ ಅಲ್ಲ

ಕಲಬುರಗಿಯಿಂದ ಶಹಾಬಾದ್ ಕಡೆ ಹೋದರೆ ಫರ್ಸಿ ಕಲ್ಲಿನ ಗಣಿಗಳು ಸಿಗುತ್ತವೆ. ನೆಲದಿಂದ ಪದರ ಪದರವಾಗಿ ಎಬ್ಬಿಸಿದ ಕಲ್ಲಲ್ಲಿ ನೆಟ್ಟಗಿದ್ದದ್ದು ಲಾರಿ ಹತ್ತುತ್ತದೆ. ಒಡೆದದ್ದು, ಮೂಲೆ ಮುರಿದದ್ದು ಅಲ್ಲೇ ಪಕ್ಕದಲ್ಲಿ ಗುಡ್ಡೆಯಾಗುತ್ತದೆ. ಇಂಗ್ಲಿಷಿನ 'ರಬಿಶ್' ಮೊದಲಿಗೆ ಹೆಚ್ಚುಕಮ್ಮಿ ಇಂಥ ಗುಡ್ಡೆಯ ಹೆಸರೇ ಆಗಿತ್ತು. ಕಟ್ಟಡ ಕೆಡವಿದ ಮೇಲೆ ಉಳಿಯುವ ಕಲ್ಲು, ಗಾರೆ, ಇಟ್ಟಿಗೆ ಚೂರು. 'ರಬಲ್' ಇದರ ನಂಟಿನ ಪದ. ಆಮೇಲೆ ಮನೆಯ ಎಲ್ಲ ಕಸಕ್ಕೂ ಅದೇ ಹೆಸರಾಯ್ತು. ಕೊನೆಗೆ ಅರ್ಥವಿಲ್ಲದ ಮಾತೂ ರಬಿಶ್ ಆಯ್ತು. ನಮಗೆ ಬಂದು ಮುಟ್ಟಿದ್ದು ಹೆಚ್ಚಾಗಿ ಈ ಬೈಗುಳವೇ. ಬ್ರಿಟನ್ನಿನಲ್ಲಿ ಇವತ್ತಿಗೂ ಮನೆಗಸವನ್ನು ರಬಿಶ್ ಅಂತಲೇ ಕರೆಯುತ್ತಾರೆ.

'ಟ್ರ್ಯಾಶ್' ಅಮೆರಿಕದವರ ಮಾತು. ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದಿರಬಹುದಾದ ಪದ ಇದು. ಅಲ್ಲಿನ ಹಳೆ ಅರ್ಥ ಉದುರಿದ ಎಲೆ, ಕಡ್ಡಿ, ಪುಳ್ಳೆ. ನನಗೆ ಖುಷಿ ಕೊಡೋ ವಿಷಯ ಏನಂದ್ರೆ, ಈ ಅರ್ಥ ನಮ್ಮ ಹೊಲಗಳಲ್ಲಿ ಇನ್ನೂ ಜೀವಂತವಾಗಿದೆ. ಕಬ್ಬು ಕಡಿದ ಮೇಲೆ ನೆಲದಲ್ಲಿ ಬಿದ್ದಿರುವ ಒಣ ಗರಿಗೆ ಕೃಷಿ ವಿಜ್ಞಾನಿಗಳು ಟ್ರ್ಯಾಶ್ ಅಂತಲೇ ಹೇಳುತ್ತಾರೆ. ನಮ್ಮ ರೈತರು ರವದಿ ಅನ್ನುತ್ತಾರೆ. ಅಫಜಲಪುರ, ಆಳಂದ, ಭಾಲ್ಕಿ ಕಡೆ ಕಬ್ಬು ಬೆಳೆಯುವವರಿಗೆ ಇದು ಗೊತ್ತೇ ಇದೆ. ಬೆಂಕಿ ಹಚ್ಚಿದರೆ ಬೂದಿ. ಸಾಲಿನ ನಡುವೆ ಹಾಸಿದರೆ ನೀರಿನ ತೇವ ಉಳಿಯುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ.

'ಗಾರ್ಬೇಜ್' ಕತೆ ಇನ್ನೂ ಸ್ವಾರಸ್ಯ. 15ನೇ ಶತಮಾನದ ಇಂಗ್ಲಿಷ್ ಅಡುಗೆ ಬರಹಗಳಲ್ಲಿ ಇದು ಕೋಳಿಯ ತಲೆ, ಕಾಲು, ಲಿವರ್, ಕರುಳು ಇವುಗಳ ಹೆಸರು. ಅದನ್ನು ಬೇಯಿಸಿ ತಿನ್ನುತ್ತಿದ್ದರು! ಕಾಲ ಕಳೆದಂತೆ ಅಡುಗೆಮನೆಯಲ್ಲಿ ತೆಗೆದು ಹಾಕುವ ಎಲ್ಲದಕ್ಕೂ ಇದೇ ಪದ ಬಂತು. ಹಾಗಾಗಿಯೇ ಅಮೆರಿಕದ ಹಳೆ ರೂಢಿಯಲ್ಲಿ ಅಡುಗೆಮನೆಯ ಹಸಿ ಕಸ ಗಾರ್ಬೇಜ್, ಕಾಗದ, ಡಬ್ಬಿಯಂಥ ಒಣ ಕಸ ಟ್ರ್ಯಾಶ್. ಈಗ ಅಲ್ಲಿಯೂ ಜನ ಎರಡನ್ನೂ ಬೆರೆಸಿ ಬಳಸುತ್ತಾರೆ. ನಮ್ಮಲ್ಲಿ 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲೇ ಕಸ ಬೇರೆ ಮಾಡಿ ಅಂದವು. ಅದನ್ನೇ ನಾವು ಹಸಿ ಕಸ, ಒಣ ಕಸ ಅಂತೀವಿ. ಎರಡು ಚಿಕ್ಕ ಪದ, ಮಗುವಿಗೂ ಅರ್ಥವಾಗುತ್ತದೆ.

ದೇಶ ಬದಲಾದರೆ ಹೆಸರು ಬದಲಾಗೋದನ್ನು ಫೋನಿನಲ್ಲೇ ನೋಡಬಹುದು. ಜಿಮೇಲ್ ಭಾಷೆಯನ್ನು ಅಮೆರಿಕದ ಇಂಗ್ಲಿಷ್‌ಗೆ ಇಟ್ಟರೆ ಅಳಿಸಿದ ಮೇಲ್ 'ಟ್ರ್ಯಾಶ್'ಗೆ ಹೋಗುತ್ತದೆ. ಬ್ರಿಟನ್ನಿನ ಇಂಗ್ಲಿಷ್‌ಗೆ ಇಟ್ಟರೆ 'ಬಿನ್'ಗೆ.

'ಲಿಟರ್' ಮಾತ್ರ ಬೇರೆ ಜಾತಿಯ ಪದ. ಇದರಲ್ಲಿ ವಸ್ತುವಿಗಿಂತ ಅದು ಬಿದ್ದ ಜಾಗ ಮುಖ್ಯ. ಶರಣಬಸವೇಶ್ವರ ಜಾತ್ರೆಯಲ್ಲಿ ಶೇಂಗಾ ತಿಂದು ಸಿಪ್ಪೆಯನ್ನು ಡಬ್ಬಿಗೆ ಹಾಕಿದರೆ ಅದು ಲಿಟರ್ ಅಲ್ಲ. ಅದೇ ಸಿಪ್ಪೆಯನ್ನು ನಡೆಯುತ್ತಾ ನೆಲಕ್ಕೆ ಉದುರಿಸಿದರೆ ಲಿಟರ್. ಈ ಪದದ ಬೇರು ಹಾಸಿಗೆ. ದನಕ್ಕೆ ಹಾಸುವ ಹುಲ್ಲಿಗೂ ಇದೇ ಹೆಸರು. ಕೋಳಿ ಫಾರಮ್ಮಿನವರು ನೆಲಕ್ಕೆ ಹಾಸುವ ಹೊಟ್ಟಿಗೆ ಈಗಲೂ ಲಿಟರ್ ಅಂತಾರೆ, ಅದು ಮೂಲಕ್ಕೆ ಹತ್ತಿರದ ಬಳಕೆ.

ಇಷ್ಟೆಲ್ಲ ಇದ್ದರೂ ನಾವು ಎತ್ತಿಕೊಂಡಿದ್ದು 'ವೇಸ್ಟ್' ಒಂದನ್ನೇ. ಅದರ ಲ್ಯಾಟಿನ್ ಬೇರಿಗೆ ಬರಿದು, ಬಯಲು ಅನ್ನೋ ಅರ್ಥ. ಟೈಮ್ ವೇಸ್ಟ್, ಅನ್ನ ವೇಸ್ಟ್, ಆ ಹುಡುಗ ವೇಸ್ಟ್. ಸುಮ್ನೆ ಎಲ್ಲಾ ಕಡೆ ಹಾಕ್ತೀವಿ. ನಮ್ಮ ಊರಲ್ಲಿ ಪದಗಳಿಗೇನು ಬರವಾ? ಹಳೆ ಪೇಪರ್ ರದ್ದಿ. ತುಕ್ಕು ಹಿಡಿದ ಕಬ್ಬಿಣ ಭಂಗಾರ, ಅದನ್ನು ತೂಕಕ್ಕೆ ಕೊಂಡು ಹೋಗುತ್ತಾರೆ. ದಾಲ್ ಮಿಲ್ಲಿನಲ್ಲಿ ತೊಗರಿಯಿಂದ ಬೇರೆಯಾದದ್ದು ಹೊಟ್ಟು, ಅದು ದನದ ಮೇವು. ಸಗಣಿ, ಕಡ್ಡಿ ಕೂಡಿ ಕೊಳೆಯುವುದು ತಿಪ್ಪೆ. ಹೊಲದಲ್ಲಿ ಕಸ ಅಂದ್ರೆ ಕಳೆ ಅಂತಲೂ ಅರ್ಥ. ಒಂದೊಂದು ಹೆಸರೂ ಆ ವಸ್ತು ಮುಂದೆ ಎಲ್ಲಿಗೆ ಹೋಗಬೇಕು ಅನ್ನೋದನ್ನು ಹೇಳುತ್ತದೆ. ವೇಸ್ಟ್ ಅಂದ್ರೆ ಅದೇನೂ ತಿಳಿಯಲ್ಲ.

ಕಳೆದ ವರ್ಷ ಮನೆಯಲ್ಲಿ ಒಂದು ಲೋಟ ಒಡೆಯಿತು. ಚೂರುಗಳನ್ನು ಪೇಪರಿನಲ್ಲಿ ಸುತ್ತಿ, ಉಳಿದ ಕಸದ ಜೊತೆ ಚೀಲಕ್ಕೆ ಹಾಕಿಬಿಟ್ಟೆ. ಬೆಳಿಗ್ಗೆ ಕಚರಾ ಗಾಡಿ ಬಂತು. ಚೀಲ ಬಿಚ್ಚಿ ಬೇರೆ ಮಾಡುವಾಗ ಗಾಡಿಯ ಹೆಣ್ಣುಮಗಳ ಬೆರಳು ಕೊಯ್ಯಿತು. ಓಡಿ ಹೋಗಿ ನೀರು, ಅರಿಶಿಣ ತಂದೆ. "ಬರೀ ವೇಸ್ಟ್ ಐತಿ ಅಂದ್ರಲ್ರಿ ಅಕ್ಕಾ," ಅಂದಳು ಆಕೆ, ಬೆರಳು ಒತ್ತಿ ಹಿಡಿದು. "ಗಾಜು ಐತಿ ಅಂತ ಹೇಳಿದ್ರ ನಾ ಕೈ ಹಾಕ್ತಿರಲಿಲ್ಲ."